ನಡುವಿನ ‘ಲ್ಲೆ’

ಶಿವನಸಮುದ್ರಕ್ಕೆ ಹೋದವರು ಜಲಪಾತ ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಚುರುಮುರಿ ತಿಂದು ವಾಪಸ್ ಬರುತ್ತಾರೆ. ನಾನು ಹೋಗಿದ್ದು ಒಂದು ಹಳೇ ಸೇತುವೆ ನೋಡಲು. ದಾರಿಯಲ್ಲಿ ಒಂದು ಟೀ ಅಂಗಡಿ ಹತ್ತಿರ ಗಾಡಿ ನಿಲ್ಲಿಸಿ ಕೇಳಿದೆ.

“ವೆಸ್ಲಿ ಬ್ರಿಜ್ಜಾ ಸಾರ್? ಹಂಗೇ ಮುಂದಕ್ಕೋಗಿ. ನೋಡಕ್ಕೇನೂ ಇಲ್ಲ, ಹೊಳೆ ಬಂದಾಗ ಕೊಚ್ಕೊಂಡೋಯ್ತು.”

ಪೂರ್ತಿ ಹೋಗಿಲ್ಲ. ಕೆಲವು ವರ್ಷಗಳ ಹಿಂದಿನ ಪ್ರವಾಹಕ್ಕೆ ಒಂದಷ್ಟು ಭಾಗ ಕುಸಿದಿದೆ. ಉಳಿದ ಕಲ್ಲುಕಂಬಗಳು ಕಾವೇರಿಯ ಬಂಡೆಗಳ ನಡುವೆ ಸಾಲಾಗಿ ನಿಂತಿವೆ. ಇದನ್ನು 19ನೇ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವರು ಕಟ್ಟಿಸಿದರು. ಆ ಕೆಲಸಕ್ಕೆ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಸಿಕ್ಕಿತು. ಬಿರುದೇನೋ ಅವರಿಗೆ ಬಂತು, ಆದರೆ ಸೇತುವೆಗೆ ಹೆಸರು ಮಾತ್ರ ದೊರೆಗಳದ್ದು.

ದೊರೆಗಳ ಹೆಸರು ಅಂದೆನಲ್ಲ, ಅಲ್ಲೇ ನನ್ನ ತಕರಾರು ಶುರುವಾಗಿದ್ದು. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಈ ಸೇತುವೆ ‘ವೆಲ್ಲೆಸ್ಲಿ’, ಟಿಪ್ಪು ಬಿದ್ದ ಕಾಲದ ಗವರ್ನರ್ ಜನರಲ್ಲನ ಹೆಸರು. ನಮ್ಮ ಜನರ ಬಾಯಲ್ಲಿ, ನಮ್ಮ ಪೇಪರುಗಳಲ್ಲಿ ‘ವೆಸ್ಲಿ’. ನಡುವಿನ ‘ಲ್ಲೆ’ ಎಲ್ಲೋ ಬಿದ್ದುಹೋಗಿದೆ. ಕಾವೇರಿಯಲ್ಲೇ ಬಿತ್ತೇನೋ ಎಂದು ಮೊದಲು ಅಂದುಕೊಂಡಿದ್ದೆ. ಮನೆಗೆ ಬಂದು ಓದುತ್ತಾ ಕೂತಾಗ ಗೊತ್ತಾಯಿತು, ಆ ‘ಲ್ಲೆ’ ಬೀಳುತ್ತಾ ಏಳುತ್ತಾ ಬಂದದ್ದು ಏಳುನೂರು ವರ್ಷದ ಕಥೆ. ಅದು ಒಮ್ಮೆ ಬಿದ್ದು, ಒಬ್ಬ ಮನುಷ್ಯ ಹಟ ಮಾಡಿ ಮತ್ತೆ ಎತ್ತಿ ಇಟ್ಟು, ನಮ್ಮ ಹೊಳೆ ದಡದಲ್ಲಿ ಇನ್ನೊಮ್ಮೆ ಬಿದ್ದಿದೆ.

ಟೀ ಕುಡಿದು ಹೊರಡುವಾಗ ಅಂಗಡಿಯವರು ಕೇಳಿದ್ದರು, “ಯಾವೂರು ಸಾರ್ ನಿಮ್ದು?” ಬೆಂಗಳೂರು ಎಂದೆ. ಎರಡು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು: “ಬೆಂಗ್ಳೂರೋರೇ, ಚಿಲ್ಲರೆ ಬಿಟ್ಟೋಗ್ತಿದೀರ!”

ಊರಿನ ಅಡ್ಡಹೆಸರು ಹುಟ್ಟುವುದು ಹೀಗೇನೇ. ಬೆಂಗಳೂರಿನಲ್ಲಿ ನನ್ನನ್ನು ಯಾರೂ ‘ಬೆಂಗಳೂರಿನವನು’ ಅನ್ನುವುದಿಲ್ಲ. ಅಂದರೆ ಯಾರನ್ನು ಅಂದಂತಾಯಿತು? ಅಲ್ಲಿರುವವರೆಲ್ಲ ಅವರೇ. ಆ ಹೆಸರು ನನಗೆ ಅಂಟಬೇಕಾದರೆ ನಾನು ಬೆಂಗಳೂರು ಬಿಡಬೇಕು. ನನ್ನ ಹೆಸರಿನ ಮುಂದಿನ ಇನಿಷಿಯಲ್ ಕೂಡ ಅಜ್ಜನ ಹಳ್ಳಿಯದ್ದು. ಅಜ್ಜ ಊರಲ್ಲೇ ಇದ್ದವರು, ಅವರಿಗೆ ಆ ಇನಿಷಿಯಲ್ ಬೇಕಾಗಿರಲಿಲ್ಲ. ಊರು ಬಿಟ್ಟ ಅಪ್ಪ ಅದನ್ನು ಸ್ಕೂಲಿನ ರಿಜಿಸ್ಟರಿನಲ್ಲಿ ಬರೆಸಿಕೊಂಡರು. ಆ ಹಳ್ಳಿಯಲ್ಲಿ ಮೂರು ರಾತ್ರಿ ಒಟ್ಟಿಗೆ ಕಳೆಯದ ನಾನು ಅದನ್ನು ಪಾಸ್‌ಪೋರ್ಟಿನವರೆಗೆ ಹೊತ್ತು ತಂದಿದ್ದೇನೆ. ಪಾಸ್‌ಪೋರ್ಟ್ ಫಾರಂನಲ್ಲಿ ‘ಸರ್‌ನೇಮ್’ ಎಂಬ ಕಾಲಂ ನೋಡಿ ತಲೆ ಕೆರೆದುಕೊಳ್ಳುವ ನಮ್ಮ ಕಡೆಯ ಕಷ್ಟ ಬೇರೆಯೇ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಸರ್‌ನೇಮ್ ಇರಲಿಲ್ಲ. ಒಬ್ಬನಿಗೆ ಒಂದು ಹೆಸರು, ಅಷ್ಟೇ. 1066ರಲ್ಲಿ ನಾರ್ಮನ್ನರು ಫ್ರಾನ್ಸಿನ ಕಡೆಯಿಂದ ಬಂದು ದೇಶ ಗೆದ್ದರು. ಜಮೀನು ಹಂಚಿಕೊಂಡರು. ಜಮೀನಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ಚಾಳಿ ಅವರಿಗಿತ್ತು. ಹೆಸರು, ಆಮೇಲೆ ‘ದ’, ಆಮೇಲೆ ಊರು. ‘ದ’ ಅಂದರೆ ಇಂಥ ಊರಿನ. ನಮ್ಮ ‘ಶ್ರೀರಂಗಪಟ್ಟಣದ’ ಎಂಬುದರಲ್ಲಿರುವ ‘ದ’ ಥರವೇ! ಸುಮ್ನೆ ಕಾಕತಾಳೀಯ, ಆದರೂ ಖುಷಿಯಾಯಿತು. ಒಂದೇ ವ್ಯತ್ಯಾಸ, ಅವರ ‘ದ’ ಊರಿನ ಮುಂದೆ, ನಮ್ಮದು ಹಿಂದೆ.

ಹಾಗಾಗಿ ಊರಿನ ಅಡ್ಡಹೆಸರು ಎರಡು ಥರದ ಜನಕ್ಕೆ ಬಂತು. ಊರಿನ ಒಡೆಯನಿಗೆ, ಅವನು ಅಲ್ಲೇ ಇದ್ದರೂ. ಮತ್ತೆ ಊರು ಬಿಟ್ಟು ಹೊಟ್ಟೆಪಾಡಿಗೆ ಬೇರೆ ಕಡೆ ಹೋದ ಬಡವನಿಗೆ. ಮೊದಲನೆಯವನಿಗೆ ಅದು ಪತ್ರದಲ್ಲಿ ಬರೆದ ಹಕ್ಕು. ಎರಡನೆಯವನಿಗೆ ಅದು ‘ಬೆಂಗ್ಳೂರೋರೇ’ ಎಂಬ ಕೂಗು. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಬಹುತೇಕ ಜನಕ್ಕೆ ಇಂಥದ್ದೊಂದು ಅಡ್ಡಹೆಸರು ಅಂಟಿ, ಅಪ್ಪನಿಂದ ಮಗನಿಗೆ ಇಳಿಯತೊಡಗಿತ್ತು. ಆಮೇಲೆ ಅದರ ಅರ್ಥ ಯಾರಿಗೂ ನೆನಪಿರಲಿಲ್ಲ. ನ್ಯೂಟನ್ ಅಂದರೆ ಹೊಸ ಊರು. ಐಸಾಕ್ ನ್ಯೂಟನ್ ನಮ್ಮಲ್ಲಿ ಹುಟ್ಟಿದ್ದರೆ ಹೊಸೂರು ಐಸಾಕಪ್ಪ. ಸ್ಟ್ಯಾನ್ಲಿ ಅಂದರೆ ಕಲ್ಲುಕಲ್ಲಾದ ಬಯಲು. ಬ್ರಾಡ್ಲಿ ಅಂದರೆ ಅಗಲವಾದ ಬಯಲು.

ಈ ಕೊನೆಯ ‘ಲಿ’ಯನ್ನು ಸ್ವಲ್ಪ ಹಿಡಿದುಕೊಳ್ಳೋಣ. ನಮ್ಮ ಸೇತುವೆಯ ಹೆಸರಿನ ಬಾಲದಲ್ಲಿರುವುದೂ ಇದೇ.

ಹಳೆಯ ಇಂಗ್ಲಿಷಿನಲ್ಲಿ ‘ಲೇಯಾ’ ಎಂಬ ಪದವಿತ್ತು. ಮೊದಲು ಕಾಡು, ಆಮೇಲೆ ಕಾಡು ಕಡಿದು ಮಾಡಿದ ಬಯಲು, ಕೊನೆಗೆ ದನ ಮೇಯುವ ಹುಲ್ಲುಗಾವಲು. ಒಂದೇ ಜಾಗ, ಮನುಷ್ಯ ಕೊಡಲಿ ಹಿಡಿದು ಬಂದ ಹಾಗೆ ಅರ್ಥವೂ ಬದಲಾಯಿತು. ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಯೋಚಿಸಿದೆ. ‘ಬಯಲು’ ಅಂದರೆ ಸಾಲದು, ಅದಕ್ಕೆ ಕಾಡಿನ ನೆರಳಿಲ್ಲ. ಮಲೆನಾಡಿನವರು ‘ಬ್ಯಾಣ’ ಅನ್ನುತ್ತಾರಲ್ಲ, ಕಾಡಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮರ, ನಡುವೆ ಹುಲ್ಲು, ಅದು ಹತ್ತಿರ ಬರುತ್ತದೆ. ಅಲ್ಲಿಗೆ ಸ್ಟ್ಯಾನ್ಲಿ ಕಲ್ಲುಬ್ಯಾಣ.

ಇನ್ನು ವೆಲ್ಲೆಸ್ಲಿ. ಇಂಗ್ಲೆಂಡಿನ ನೈಋತ್ಯಕ್ಕೆ ಸಾಮರ್‌ಸೆಟ್ ಎಂಬ ಸೀಮೆ. ಅಲ್ಲಿ ವೆಲ್ಸ್ ಎಂಬ ಪುಟ್ಟ ಪಟ್ಟಣ. ದೊಡ್ಡ ಕೆಥೆಡ್ರಲ್ ಇರುವುದರಿಂದ ಲೆಕ್ಕದಲ್ಲಿ ಅದು ‘ನಗರ’, ನೋಡಿದರೆ ನಮ್ಮ ಒಂದು ಹೋಬಳಿ ಊರಿನಷ್ಟಿದೆ. ವೆಲ್ಸ್ ಅಂದರೆ ಬುಗ್ಗೆಗಳು. ಕೆಥೆಡ್ರಲ್ ಪಕ್ಕದಲ್ಲೇ, ಬಿಷಪ್ಪರ ಅರಮನೆಯ ತೋಟದಲ್ಲಿ, ನೆಲದಿಂದ ನೀರು ಉಕ್ಕುತ್ತಲೇ ಇರುತ್ತದೆ. ಆ ನೀರು ಅರಮನೆ ಸುತ್ತಲಿನ ಕಂದಕ ತುಂಬಿ, ಪೇಟೆ ಬೀದಿಯ ಅಂಚಿನ ಕಾಲುವೆಯಲ್ಲಿ ಹರಿದುಹೋಗುತ್ತದೆ. 15ನೇ ಶತಮಾನದಲ್ಲಿ ಒಬ್ಬ ಬಿಷಪ್ ಊರ ಜನರ ಬಳಕೆಗೆ ಬಿಟ್ಟುಕೊಟ್ಟ ನೀರು ಅದು. ಕಂದಕದಲ್ಲಿ ಹಂಸಗಳಿವೆ. ಹಸಿವಾದರೆ ಅವು ಕೊಕ್ಕಿನಿಂದ ಹಗ್ಗ ಎಳೆದು ಗಂಟೆ ಬಾರಿಸುತ್ತವೆ, ಒಳಗಿನಿಂದ ಊಟ ಬರುತ್ತದೆ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಆ ಬುಗ್ಗೆಗಳ ಊರಿನ ಪಕ್ಕದ ಬ್ಯಾಣವೇ ವೆಲ್ಲೆಸ್ಲಿ. ಒಂದು ತುಂಡು ಜಮೀನು, ಒಂದು ಮನೆ, ಕೆಲವು ಒಕ್ಕಲು. ಅದನ್ನು ಹಿಡಿದಿದ್ದ ಕುಟುಂಬ ತನ್ನನ್ನು ‘ದ ವೆಲ್ಲೆಸ್ಲಿ’ ಎಂದು ಕರೆದುಕೊಂಡಿತು. 13ನೇ ಶತಮಾನದಲ್ಲಿ ಈ ಕುಟುಂಬದ ವಾಲೆರನ್ ದ ವೆಲ್ಲೆಸ್ಲಿ ಎಂಬಾತ ಐರ್ಲೆಂಡಿನಲ್ಲಿ ನ್ಯಾಯಾಧೀಶನಾಗಿದ್ದ. ಆಗಷ್ಟೇ ಇಂಗ್ಲಿಷರು ಐರ್ಲೆಂಡಿನಲ್ಲಿ ಕಾಲೂರುತ್ತಿದ್ದ ಕಾಲ. ಹೋದವರು ಅಲ್ಲೇ ಉಳಿದರು. ಮೀತ್ ಸೀಮೆಯ ಡಂಗನ್ ಎಂಬಲ್ಲಿ ಮನೆ ಕಟ್ಟಿದರು, ಆಸ್ತಿ ಮಾಡಿದರು. ಸಾಮರ್‌ಸೆಟ್‌ನ ಬ್ಯಾಣ ಕೈಬಿಟ್ಟುಹೋಯಿತು. ಹೆಸರು ಮಾತ್ರ ಉಳಿಯಿತು. ಒಡೆಯನಾಗಿ ಪಡೆದ ಹೆಸರು ಈಗ ಊರು ಬಿಟ್ಟವನ ಹೆಸರಾಯಿತು.

ಊರು ಕಣ್ಣಮುಂದೆ ಇಲ್ಲದಿದ್ದರೆ ಹೆಸರನ್ನು ಸರಿಯಾಗಿ ಹೇಳು ಎನ್ನುವವರೂ ಇರುವುದಿಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ವೆಲ್ಲೆಸ್ಲಿ ಸವೆದು ವೆಸ್ಲಿಯಾಯಿತು. ಇಂಗ್ಲಿಷರೇ ಇವತ್ತಿಗೂ ಆ ಹೆಸರನ್ನು ಪೂರ್ತಿ ಬಿಡಿಸಿ ಹೇಳುವುದಿಲ್ಲ, ‘ವೆಲ್ಸ್‌ಲಿ’ ಎಂದು ಮುಗಿಸುತ್ತಾರೆ. ‘ಲ್ಲೆ’ಗೆ ಒತ್ತು ಕೊಟ್ಟು ಓದುವವರು ನಾವೇ. ಆ ಕಾಲಕ್ಕೆ ಕಾಗುಣಿತಕ್ಕೂ ಇಂಥದ್ದೇ ಎಂಬ ಕಟ್ಟಿರಲಿಲ್ಲ. ಕಿವಿಗೆ ಬಿದ್ದಂತೆ ಬರೆಯುವುದು, ಅಷ್ಟೇ.

ಇಲ್ಲೊಂದು ಗೊಂದಲ ಸೇರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಇನ್ನೊಂದು ಅಡ್ಡಹೆಸರು ಮೊದಲೇ ಇತ್ತು: ವೆಸ್ಟ್ಲಿ. ಪಶ್ಚಿಮದ ಬ್ಯಾಣ. ಈ ಹೆಸರಿನ ಊರುಗಳು ಹಲವು ಇವೆ. ಪಡುವಲಹಳ್ಳಿ ಎಂಬ ಹೆಸರು ನಮ್ಮಲ್ಲಿ ಹೇಗೋ ಹಾಗೆ, ಯಾವ ಊರಿಗೂ ಒಂದು ಪಡುವಣ ದಿಕ್ಕು ಇದ್ದೇ ಇರುತ್ತದಲ್ಲ. ಸ್ಯಾಮ್ಯುಯೆಲ್ ವೆಸ್ಟ್ಲಿ ಎಂಬ ಪಾದ್ರಿ ತಮ್ಮ ಹೆಸರಿನ ‘ಟ’ಕಾರ ಕಿತ್ತುಹಾಕಿ ವೆಸ್ಲಿ ಎಂದು ಬರೆಯತೊಡಗಿದರು. ಅವರ ಮಕ್ಕಳೇ ಜಾನ್ ಮತ್ತು ಚಾರ್ಲ್ಸ್. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜಾನ್ ವೆಸ್ಲಿ ಇವರೇ. ಅಲ್ಲಿಗೆ ಬುಗ್ಗೆಯ ಬ್ಯಾಣವೂ ಪಡುವಣ ಬ್ಯಾಣವೂ ಸವೆದು ಸವೆದು ಒಂದೇ ಹೆಸರಾಗಿ ಕೂತವು. ಎರಡು ಬೇರೆ ಹೊಳೆಗಳು ಬಂದು ಒಂದೇ ಮಡುವಿಗೆ ಬಿದ್ದಂತೆ.

ಹೆಸರು ಒಂದಾದರೆ ನೆಂಟಸ್ತನ ಹುಟ್ಟಲು ಎಷ್ಟು ಹೊತ್ತು? ಐರ್ಲೆಂಡಿನ ಡಂಗನ್‌ನಲ್ಲಿ ಗ್ಯಾರೆಟ್ ವೆಸ್ಲಿ ಎಂಬ ಜಮೀನ್ದಾರರಿದ್ದರು. ಆಸ್ತಿ ಬೇಕಾದಷ್ಟು, ಮಕ್ಕಳಿಲ್ಲ. ಇಂಗ್ಲೆಂಡಿನಲ್ಲಿ ವೆಸ್ಲಿ ಎಂಬ ಪಾದ್ರಿಗೆ ಚಾರ್ಲ್ಸ್ ಎಂಬ ಜಾಣ ಹುಡುಗ ಇದ್ದಾನೆ ಎಂಬುದು ಅವರ ಕಿವಿಗೆ ಬಿತ್ತು. ನಮ್ಮವನೇ ಇರಬೇಕು, ಬಂದರೆ ಆಸ್ತಿಯೆಲ್ಲ ಬರೆದುಕೊಡುತ್ತೇನೆ ಎಂದು ಹೇಳಿ ಕಳಿಸಿದರಂತೆ. ಎರಡು ಮನೆಗಳ ನಡುವೆ ರಕ್ತಸಂಬಂಧ ಇತ್ತೆಂಬುದು ನಂಬಿಕೆಯೇ ಹೊರತು ದಾಖಲೆಯಲ್ಲ. ಚಾರ್ಲ್ಸ್ ಆಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಹುಡುಗ. ಯೋಚಿಸಿದ, ಒಲ್ಲೆ ಎಂದ. ಆಕ್ಸ್‌ಫರ್ಡಿಗೆ ಹೋದ. ಮುಂದೆ ಆರು ಸಾವಿರಕ್ಕೂ ಹೆಚ್ಚು ಕೀರ್ತನೆಗಳನ್ನು ಬರೆದ.

ಈ ‘ಒಲ್ಲೆ’ಯ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೆ. ಅವನು ಹೂಂ ಅಂದಿದ್ದರೆ? ಟಿಪ್ಪುವಿನ ಮೇಲೆ ಯುದ್ಧಕ್ಕೆ ಶ್ರೀರಂಗಪಟ್ಟಣಕ್ಕೆ ಬೇರೆ ಯಾರೋ ಬರುತ್ತಿದ್ದರು. ಹೀಗೆಲ್ಲ ‘ರೆ’ ಸೇರಿಸಿ ಇತಿಹಾಸ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ಈ ಒಂದು ‘ರೆ’ ಬಿಡಲಾಗಲಿಲ್ಲ.

ಚಾರ್ಲ್ಸ್ ಬೇಡ ಅಂದಮೇಲೆ ಗ್ಯಾರೆಟ್ ಇನ್ನೊಬ್ಬ ನೆಂಟನನ್ನು ಹಿಡಿದರು. ಅವರ ಹೆಸರು ರಿಚರ್ಡ್ ಕಾಲಿ. 1728ರಲ್ಲಿ ಗ್ಯಾರೆಟ್ ತೀರಿಕೊಂಡಾಗ ಆಸ್ತಿ ಕಾಲಿಯವರಿಗೆ ಬಂತು, ಜೊತೆಗೆ ಹೆಸರೂ. ಅವತ್ತಿನಿಂದ ಅವರು ರಿಚರ್ಡ್ ವೆಸ್ಲಿ. ಅಂದರೆ ಅಪ್ಪನಿಂದ ಮಗನಿಗೆ ಎಂದು ನೋಡಿದರೆ ಮುಂದಿನ ವೆಸ್ಲಿಗಳೆಲ್ಲ ಕಾಲಿಗಳೇ. ದತ್ತು ಹೋದವರು ಮನೆತನದ ಹೆಸರು ಹಾಕಿಕೊಳ್ಳುವುದು ನಮಗೇನೂ ಹೊಸದಲ್ಲ. ಇವರ ಮಗ ಇನ್ನೊಬ್ಬ ಗ್ಯಾರೆಟ್. ಸಂಗೀತದ ಹುಚ್ಚಿನ ಮನುಷ್ಯ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರೊಫೆಸರ್. ಮಾರ್ನಿಂಗ್ಟನ್ನಿನ ಅರ್ಲ್ ಎಂಬ ಪದವಿಯೂ ಅವರಿಗೆ ಸಿಕ್ಕಿತ್ತು. ಅವರ ಹಿರಿಯ ಮಗ ರಿಚರ್ಡ್. ಇನ್ನೊಬ್ಬ ಮಗ, 1769ರಲ್ಲಿ ಹುಟ್ಟಿದ ಆರ್ಥರ್. ಈ ಆರ್ಥರನಿಗೂ ಪಿಟೀಲಿನ ಹುಚ್ಚಿತ್ತು. ಸೈನ್ಯ ತನ್ನ ದಾರಿ ಎಂದು ಗಟ್ಟಿ ಮಾಡಿಕೊಂಡ ಮೇಲೆ ತನ್ನ ಪಿಟೀಲುಗಳನ್ನು ಸುಟ್ಟುಹಾಕಿದನಂತೆ.

1797ರಲ್ಲಿ ಕರ್ನಲ್ ಆರ್ಥರ್ ವೆಸ್ಲಿ ತನ್ನ 33ನೇ ರೆಜಿಮೆಂಟಿನ ಜೊತೆ ಕಲ್ಕತ್ತಕ್ಕೆ ಬಂದಿಳಿದ. ಹೌದು, ವೆಸ್ಲಿ. ಆಗ ಅವನ ರುಜು ಹಾಗೇ ಇತ್ತು. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಅಣ್ಣನಿಗೆ ವಂಶದ ಹಳೆ ಮೆರುಗಿನ ಮೇಲೆ ಕಣ್ಣು. ಸವೆದ ವೆಸ್ಲಿ ಬೇಡ, ಮೂಲದ ವೆಲ್ಲೆಸ್ಲಿಯೇ ಇರಲಿ ಎಂದು ಆಗಲೇ ಬದಲಿಸಿಕೊಂಡಿದ್ದ. ಊರೂರು ತಿರುಗಿ ಬಯಲಲ್ಲಿ ನಿಂತು ಬೋಧನೆ ಮಾಡುತ್ತಿದ್ದ ಜಾನ್ ವೆಸ್ಲಿಯ ಹೆಸರಿನ ಜೊತೆ ತಮ್ಮ ಹೆಸರು ಬೆರೆಯದಿರಲಿ ಎಂಬುದೂ ಒಂದು ಕಾರಣ ಎಂದು ಕೆಲವರು ಹೇಳುತ್ತಾರೆ. ತಮ್ಮನೂ ಅಣ್ಣನ ದಾರಿ ಹಿಡಿದ. 1798ರ ಮೇ ತಿಂಗಳಿನಿಂದ ಅವನ ಕಾಗದಗಳಲ್ಲಿ ರುಜು ಬದಲಾಗಿದೆ: ಆರ್ಥರ್ ವೆಲ್ಲೆಸ್ಲಿ. ಸಾಮರ್‌ಸೆಟ್‌ನ ಬ್ಯಾಣದ ಹೆಸರಿನ ಬಿದ್ದಿದ್ದ ‘ಲ್ಲೆ’ಯನ್ನು ಅವನು ಎತ್ತಿ ಜೋಡಿಸಿಕೊಂಡಿದ್ದು ಇಂಡಿಯಾದ ಮಣ್ಣಿನ ಮೇಲೆ, ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಒಂದು ವರ್ಷ ಇರುವಾಗ.

ಆಮೇಲಿನದ್ದು ನಮಗೆ ಗೊತ್ತಿರುವ ಕಥೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ಆರ್ಥರನ ಸೈನಿಕರು ದಾರಿ ತಪ್ಪಿ, ಏಟು ತಿಂದು ವಾಪಸ್ಸಾದರು. ಆ ಸೋಲು ಅವನನ್ನು ಬಹಳ ಕಾಲ ಕಾಡಿತು. ಮೇ 4ರಂದು ಕೋಟೆ ಬಿತ್ತು. ಟಿಪ್ಪು ಸತ್ತ. ತಮ್ಮನಿಗೆ ಶ್ರೀರಂಗಪಟ್ಟಣದ ಅಧಿಕಾರ ಸಿಕ್ಕಿತು. ಅಣ್ಣ ಗವರ್ನರ್ ಜನರಲ್ ಆಗಿರುವಾಗ ತಮ್ಮನಿಗೆ ಇಂಥ ಜಾಗ ಸಿಕ್ಕರೆ ಜನ ಮಾತಾಡದೆ ಇರುತ್ತಾರಾ? ಆಗಲೂ ಮಾತಾಡಿಕೊಂಡರು. ದರಿಯಾ ದೌಲತ್ ಬಾಗಿನಲ್ಲಿ ಅವನ ವಾಸ. ಇಂಗ್ಲಿಷರ ವಿರುದ್ಧ ಬಂಡೆದ್ದಿದ್ದ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರಿನಲ್ಲಿ ಕೊಂದವನೂ ಇವನೇ. ಹಾಗೆ ಕೊಂದವನ ಪುಟ್ಟ ಮಗ ಸಲಾಬತ್ ಖಾನನ ಸಾಕಣೆಗೆ ದುಡ್ಡು ಇಟ್ಟುಹೋದವನೂ ಇವನೇ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಒಬ್ಬ ಮನುಷ್ಯನನ್ನು ಏನೆನ್ನಬೇಕೋ ನನಗೆ ತೋಚುವುದಿಲ್ಲ.

ಇದೇ ಕಾಲದಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಬಡಗಣ ಕವಲಿಗೆ ಒಂದು ಸೇತುವೆ ಕಟ್ಟಿಸಿದರು, ನಾನು ನೋಡಿ ಬಂದದ್ದಲ್ಲ, ಬೇರೆಯದು. 1804ರಲ್ಲಿ ಮುಗಿಯಿತು. ಕಲ್ಲುಕಂಬ, ಕಲ್ಲುತೊಲೆ, ಕಲ್ಲುಚಪ್ಪಡಿ, ನಮ್ಮ ದೇವಸ್ಥಾನ ಕಟ್ಟುವವರಿಗೆ ಗೊತ್ತಿದ್ದ ಹಳೆಯ ವಿದ್ಯೆ. ಹೆಸರು ಗವರ್ನರ್ ಜನರಲ್ಲನದ್ದು: ವೆಲ್ಲೆಸ್ಲಿ ಸೇತುವೆ. ತಮ್ಮನದ್ದಲ್ಲ, ಅಣ್ಣನದ್ದು. ಬಹಳ ಜನ ಇದನ್ನು ಅದಲುಬದಲು ಮಾಡುತ್ತಾರೆ. ನಾನೂ ಮಾಡುತ್ತಿದ್ದೆ.

ಟಿಪ್ಪು ಬಿದ್ದ ಮೇಲೆ ಅಣ್ಣನಿಗೆ ದೊಡ್ಡ ಬಹುಮಾನದ ಆಸೆಯಿತ್ತು. ಇಂಗ್ಲೆಂಡಿನ ದೊಡ್ಡ ಪದವಿ ಬರುತ್ತದೆ ಎಂದು ಕಾದ. ಬಂದದ್ದು ‘ಮಾರ್ಕ್ವಿಸ್ ವೆಲ್ಲೆಸ್ಲಿ’ ಎಂಬ ಐರ್ಲೆಂಡಿನ ಪದವಿ. ಇಂಗ್ಲೆಂಡಿನವರ ಲೆಕ್ಕದಲ್ಲಿ ಅದು ಒಂದು ಮೆಟ್ಟಿಲು ಕೆಳಗೆ. ಅವನಿಗೆ ಎಷ್ಟು ಉರಿಯಿತೆಂದರೆ, ಇದು ಎರಡು ಪದರ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಕರೆದ. ಐರ್ಲೆಂಡ್ ಅಂದರೆ ಆಲೂಗಡ್ಡೆ ಎಂಬ ತಾತ್ಸಾರ. ತಾನೇ ಐರ್ಲೆಂಡಿನಲ್ಲಿ ಹುಟ್ಟಿದವನು! ಹುಟ್ಟಿದ ಊರು ಬೇಡ. ಐನೂರು ವರ್ಷದ ಹಿಂದೆ ಬಿಟ್ಟುಬಂದ, ಈಗ ತಮ್ಮ ಕೈಯಲ್ಲಿಲ್ಲದ ಬ್ಯಾಣದ ಹೆಸರು ಬೇಕು. ತಮ್ಮನಿಗೂ ಈ ಐರಿಷ್ ಹುಟ್ಟು ಅಂಟಿಕೊಂಡೇ ಇತ್ತು. ಕೊಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯ ಕುದುರೆಯಾಗುವುದಿಲ್ಲ ಎಂದು ಆರ್ಥರ್ ಹೇಳಿದ ಎಂಬ ಮಾತು ಎಲ್ಲ ಕಡೆ ತಿರುಗುತ್ತದೆ. ಅದು ಅವನ ಮಾತಲ್ಲ. ಅವನನ್ನು ಹಂಗಿಸುತ್ತಾ ಐರಿಷ್ ನಾಯಕ ಡೇನಿಯಲ್ ಓ’ಕಾನೆಲ್ ಆಡಿದ ಮಾತು.

ಇನ್ನು ತಮ್ಮನಿಗೆ ಪದವಿ ಬಂದ ಕಥೆಯಂತೂ ಇನ್ನೂ ಸೊಗಸು. 1809ರಲ್ಲಿ ಅವನು ಸ್ಪೇನಿನಲ್ಲಿ ಯುದ್ಧ ಮಾಡುತ್ತಿದ್ದ. ತಲವೆರಾದಲ್ಲಿ ಗೆದ್ದ. ಲಂಡನ್ನಿನಲ್ಲಿ ಅವನಿಗೆ ವೈಕೌಂಟ್ ಪದವಿ ಕೊಡುವುದೆಂದಾಯಿತು. ಯಾವ ಊರಿನ ಹೆಸರಲ್ಲಿ? ಕೇಳಲು ಅವನು ಊರಲ್ಲಿಲ್ಲ, ಪತ್ರ ಹೋಗಿ ಬರಲು ವಾರಗಟ್ಟಲೆ ಬೇಕು. ಇನ್ನೊಬ್ಬ ಅಣ್ಣ ವಿಲಿಯಂ ಮ್ಯಾಪ್ ಬಿಡಿಸಿಕೊಂಡು ಕೂತ. ವೆಲ್ಲೆಸ್ಲಿ ಎಂಬುದು ಹಿರಿಯಣ್ಣನ ಪದವಿಯಾಗಿ ಆಗಲೇ ಹೋಗಿದೆ. ಸಾಮರ್‌ಸೆಟ್‌ನಲ್ಲೇ, ವೆಲ್ಲೆಸ್ಲಿಗೆ ಅಷ್ಟೇನೂ ದೂರವಲ್ಲದ ಕಡೆ, ಕಿವಿಗೆ ಹತ್ತಿರದ ಒಂದು ಊರು ಕಣ್ಣಿಗೆ ಬಿತ್ತು. ವೆಲ್ಲಿಂಗ್ಟನ್.

ಅಷ್ಟೇ! ಪ್ರಾಸಕ್ಕೆ ಸಿಕ್ಕ ಊರು. ಆ ಊರಿಗೂ ಆರ್ಥರನಿಗೂ ಅಲ್ಲಿಯವರೆಗೆ ಯಾವ ಸಂಬಂಧವೂ ಇರಲಿಲ್ಲ. ಸುದ್ದಿ ತಲುಪಿದಾಗ ಒಳ್ಳೇ ಆಯ್ಕೆ ಎಂದು ಒಪ್ಪಿಕೊಂಡ. ಹೆಂಡತಿ ಕಿಟಿಗೆ ಮಾತ್ರ ಇಷ್ಟವಾಗಲಿಲ್ಲ. ಈ ಹೆಸರು ಏನನ್ನೂ ನೆನಪಿಗೆ ತರುವುದಿಲ್ಲವಲ್ಲ ಎಂಬುದು ಅವಳ ದೂರು. ಅವಳು ಹೇಳಿದ್ದೇ ಸರಿ ಅನಿಸುತ್ತದೆ ನನಗೆ. ಆದರೆ 1815ರಲ್ಲಿ ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ ಆದಮೇಲೆ ಆ ಖಾಲಿ ಹೆಸರು ಎಷ್ಟು ತುಂಬಿತೆಂದರೆ ಇವತ್ತು ಅದೊಂದು ದೇಶದ ರಾಜಧಾನಿ. ಕೂನೂರಿನ ಪಕ್ಕದ ದಂಡಿನ ಊರು. ಬೆಂಗಳೂರಿನ ರಿಚ್ಮಂಡ್ ಟೌನಿನ ಒಂದು ರಸ್ತೆ. ಮಳೆಗಾಲದಲ್ಲಿ ಇಂಗ್ಲಿಷರು ಹಾಕಿಕೊಳ್ಳುವ ಮೊಣಕಾಲುದ್ದದ ರಬ್ಬರ್ ಬೂಟು ಕೂಡ. ಅದನ್ನು ಅವರು ಮುದ್ದಾಗಿ ‘ವೆಲ್ಲಿ’ ಅನ್ನುತ್ತಾರೆ. ಸಾಮರ್‌ಸೆಟ್‌ನ ವೆಲ್ಲಿಂಗ್ಟನ್ ಊರಿನವರು ಬಂದ ಅದೃಷ್ಟ ಯಾಕೆ ಬಿಡಬೇಕು ಎಂದು ಪಕ್ಕದ ಗುಡ್ಡದ ಮೇಲೆ 175 ಅಡಿಯ ಸ್ಮಾರಕವನ್ನೇ ಎಬ್ಬಿಸಿದರು.

ವೆಲ್ಲೆಸ್ಲಿ ಎಂಬ ಮೂಲ ಜಾಗಕ್ಕೆ ಇಂಥ ಯಾವ ಭಾಗ್ಯವೂ ಬರಲಿಲ್ಲ. ಹೆಸರು ಕೊಟ್ಟ ಊರನ್ನು ಹೆಸರೇ ಮರೆತುಬಿಟ್ಟಿತು.

ಅತ್ತ ಇನ್ನೊಂದು ವೆಸ್ಲಿ, ಪಡುವಣ ಬ್ಯಾಣದ ವೆಸ್ಲಿ ಏನಾಯಿತು? ಅದೂ ನಮ್ಮೂರಿಗೆ ಬಂತು! ಕತ್ತಿಯ ಹಿಂದೆಯೇ ಅಚ್ಚಿನ ಮೊಳೆ ಬಂದ ಹಾಗೆ. 1820ರ ದಶಕದಲ್ಲೇ ಜಾನ್ ವೆಸ್ಲಿಯ ಪಂಥದ ಮಿಷನರಿಗಳು ಬೆಂಗಳೂರಿಗೆ ಕಾಲಿಟ್ಟರು. ಮುಂದೆ ಅಲ್ಲೊಂದು ಅಚ್ಚುಕೂಟ ಇಟ್ಟರು, ವೆಸ್ಲಿಯನ್ ಮಿಷನ್ ಪ್ರೆಸ್. ಮತ ಹರಡಲು ಬಂದವರು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆದರೆ ಅದೇ ಪ್ರೆಸ್ಸಿನಲ್ಲಿ 1849ರಲ್ಲಿ ಭಗವದ್ಗೀತೆ ಅಚ್ಚಾಯಿತು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಸೇರಿ. ಮಾಡಿಸಿದವರು ವೆಸ್ಲಿಯನ್ ಪಾದ್ರಿ ಜಾನ್ ಗ್ಯಾರೆಟ್. ಕ್ರೈಸ್ತ ಪಾದ್ರಿಯೊಬ್ಬರು ಗೀತೆಯ ಕರಡು ತಿದ್ದುತ್ತಾ ಕೂತಿರುವ ಚಿತ್ರ ನೆನೆಸಿಕೊಂಡರೆ ನನಗೆ ಬೆಂಗಳೂರಿನ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ. ವಿಲಿಯಂ ರೀವ್ ಎಂಬ ಪಾದ್ರಿ ಮಾಡಿದ್ದ ಕನ್ನಡ-ಇಂಗ್ಲಿಷ್ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಬೆಳೆಸಿ 1858ರಲ್ಲಿ ಹೊರತಂದರು. ಮರುವರ್ಷ ಥಾಮಸ್ ಹಾಡ್ಸನ್ನರ ಕನ್ನಡ ವ್ಯಾಕರಣ ಬಂತು. ಇಬ್ಬರೂ ವೆಸ್ಲಿಯನ್ನರು. ಆಮೇಲೆ ಮೈಸೂರಿನಲ್ಲೂ ವೆಸ್ಲಿ ಪ್ರೆಸ್, ವೆಸ್ಲಿ ಚರ್ಚು.

ಗವರ್ನರ್ ಜನರಲ್ಲನ ‘ಲ್ಲೆ’ ಯಾಕೆ ಬಿತ್ತು ಎಂಬುದಕ್ಕೆ ನನ್ನ ಊಹೆ ಇಷ್ಟು. ನಮ್ಮ ಜನಕ್ಕೆ ದೊರೆ ವೆಲ್ಲೆಸ್ಲಿ ಏಳು ವರ್ಷ ಇದ್ದು ಹೋದವನು. ಅವನನ್ನು ಇಲ್ಲಿ ಕಣ್ಣಾರೆ ಕಂಡವರು ಎಷ್ಟು ಮಂದಿ? ವೆಸ್ಲಿ ಎಂಬುದಾದರೋ ಸ್ಕೂಲಿನ ಬೋರ್ಡಿನ ಮೇಲೆ, ಪುಸ್ತಕದ ಕೆಳಗಿನ ಸಣ್ಣ ಅಕ್ಷರದಲ್ಲಿ, ಚರ್ಚಿನ ಗೇಟಿನಲ್ಲಿ ದಿನಾ ಕಾಣುವ ಹೆಸರು. ಬಾಯಿ ಗೊತ್ತಿರುವ ಕಡೆಗೇ ಜಾರುತ್ತದೆ, ಅಲ್ವಾ?

ಸೇತುವೆ ನೋಡಿ ಬಂದ ಸಂಜೆ ಫೋಟೋಗಳನ್ನು ಮೈಸೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಅಕ್ಕ ಓದಿದ್ದು ಅಲ್ಲಿನ ಮಿಷನ್ ಸ್ಕೂಲಿನಲ್ಲಿ. ಕೆಳಗೆ ‘ವೆಸ್ಲಿ ಸೇತುವೆ, ಶಿವನಸಮುದ್ರ’ ಎಂದು ಬರೆದಿದ್ದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು.

“ಎಷ್ಟು ಚೆನ್ನಾಗಿದೆಯೋ! ಪಾಪ, ಬಿದ್ದುಹೋಗಿದೆ. ನಮ್ಮ ಚರ್ಚಿನ ವೆಸ್ಲಿಯವರೇ ಕಟ್ಟಿಸಿದ್ದಾ ಇದೂನೂ?”

ಅಲ್ಲ ಕಣೇ ಅಕ್ಕಾ, ಎಂದು ಟೈಪ್ ಮಾಡಲು ಶುರು ಮಾಡಿದೆ. 1728, ಕಾಲಿ, ಆಲೂಗಡ್ಡೆ ಎಲ್ಲ ಬಂತು. ಮೆಸೇಜ್ ಮೊಬೈಲಿನ ಪರದೆ ದಾಟಿ ಕೆಳಗೆ ಹೋಯಿತು. ಅಳಿಸಿದೆ. ಕಟ್ಟಿಸಿದ್ದು ರಾಮಸ್ವಾಮಿ ಮೊದಲಿಯಾರ್ ಎಂದಷ್ಟೇ ಬರೆದು ಕಳಿಸಿದೆ.